ಫಾದರ್ ಬರ್ಡ್ ಮತ್ತು ಕಣಿವೆಯ ಹಕ್ಕಿ ಹಬ್ಬ

ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣ ತುದಿಯಲ್ಲಿ, ರಿಯೊ ಗ್ರಾಂಡೆ ನದಿಯು ಸಮುದ್ರವನ್ನು ಸೇರುವುದಕ್ಕೆ ಮುನ್ನ ಹರಡಿಕೊಳ್ಳುವ ಸಮತಟ್ಟಾದ ಪ್ರದೇಶವನ್ನು ಅಲ್ಲಿನ ಜನ ‘ಕಣಿವೆ’ ಎಂದೇ ಕರೆಯುತ್ತಾರೆ. ವಾಸ್ತವದಲ್ಲಿ ಅದು ಕಣಿವೆಯಲ್ಲ, ನದೀಮುಖಜ ಭೂಮಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಮೀನು ಮಾರುವವರು ಗಿರಾಕಿಗಳ ಮನವೊಲಿಸಲು ಚಲಾವಣೆಗೆ ತಂದ ಹೆಸರು ಹಾಗೆಯೇ ಉಳಿದುಬಂದಿದೆ. ನದಿಯ ಆಚೆ ದಡ ಮೆಕ್ಸಿಕೊ. ಈಚೆ ದಡ ಅಮೆರಿಕ. ಈ ಕಣಿವೆಯ ಹಾರ್ಲಿಂಜನ್ ಎಂಬ ಪಟ್ಟಣದಲ್ಲಿ 1994ರ ನವೆಂಬರ್ ತಿಂಗಳಲ್ಲಿ ಒಂದು ಹೊಸ ಬಗೆಯ ಹಬ್ಬ ಆರಂಭವಾಯಿತು. ಅದು ಹಕ್ಕಿ ವೀಕ್ಷಣೆಯ ಹಬ್ಬ.

ಹಕ್ಕಿಗಳಿಗೆ ಗಡಿಯ ಹಂಗಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಹವೆಯ ಹಂಗು ಅವುಗಳಿಗೂ ಉಂಟು. ಮಧ್ಯ ಅಮೆರಿಕ ಹಾಗೂ ಮೆಕ್ಸಿಕೊದ ಉಷ್ಣವಲಯದಲ್ಲಿ ಬಾಳುವ ಅನೇಕ ಪಕ್ಷಿಗಳು ಉತ್ತರ ದಿಕ್ಕಿನಲ್ಲಿ ಬಂದು ನಿಲ್ಲುವ ಕೊನೆಯ ಮೆಟ್ಟಿಲು ಈ ಕಣಿವೆ. ನೀಲಿ ತಲೆ, ಕಪ್ಪು ಕೊರಳು, ಹಸಿರು ಮೈಯ ಗ್ರೀನ್ ಜೇ. ಕೋಳಿಯ ಬಳಗಕ್ಕೆ ಸೇರಿದ, ಮುಂಜಾವದಲ್ಲಿ ಗುಂಪಾಗಿ ಕೂಗಿ ಊರನ್ನೇ ಎಬ್ಬಿಸುವ ಚಾಚಲಾಕ. ತನ್ನ ಕೂಗನ್ನೇ ಹೆಸರಾಗಿ ಪಡೆದ ಕಿಸ್ಕಡಿ. ನಮ್ಮ ಗೀಜಗನಂತೆ ಕೊಂಬೆಯ ತುದಿಗೆ ಉದ್ದನೆಯ ಜೋಲು ಗೂಡು ನೇಯುವ ಆಲ್ಟಾಮಿರಾ ಓರಿಯೋಲ್ — ಇವುಗಳನ್ನು ಅಮೆರಿಕದ ನೆಲದಲ್ಲಿ ಕಾಣಬೇಕಾದರೆ ದಕ್ಷಿಣ ಟೆಕ್ಸಾಸಿಗೇ ಹೋಗಬೇಕು. ಕಣಿವೆಯ ನಾಲ್ಕು ಜಿಲ್ಲೆಗಳಲ್ಲಿ ಇದುವರೆಗೆ 500ಕ್ಕೂ ಹೆಚ್ಚು ಜಾತಿಯ ಪಕ್ಷಿಗಳು ದಾಖಲಾಗಿವೆ.

ಇಷ್ಟು ಸಂಪತ್ತು ಇದ್ದರೂ ಅದರ ಆಸರೆಯಾದ ಕಾಡು ಮಾತ್ರ ಉಳಿದಿರಲಿಲ್ಲ. ನೀರಾವರಿ ಬಂದ ಮೇಲೆ ಮುಳ್ಳುಪೊದೆಗಳನ್ನು ಕಡಿದು ಕಿತ್ತಳೆ, ಹತ್ತಿ, ಕಬ್ಬು, ತರಕಾರಿಗಳನ್ನು ಬೆಳೆಯಲಾಯಿತು. ಮೂಲ ಕುರುಚಲು ಕಾಡಿನಲ್ಲಿ ನೂರಕ್ಕೆ 95 ಪಾಲು ಹೀಗೆ ಅಳಿಯಿತೆಂದು ಅಂದಾಜು. 1953ರಲ್ಲಿ ಫಾಲ್ಕನ್ ಅಣೆಕಟ್ಟು ಪೂರ್ಣಗೊಂಡ ಬಳಿಕ ನದಿಯ ನೆರೆ ನಿಯಂತ್ರಣಕ್ಕೆ ಬಂತು. ಆದರೆ ಆ ನೆರೆಯ ನೀರನ್ನೇ ನಂಬಿದ್ದ ದಡದ ಮರಗಳು ಸೊರಗತೊಡಗಿದವು. 1943ರಲ್ಲಿ ಸ್ಥಾಪನೆಗೊಂಡ ಸಾಂಟಾ ಆನಾ ವನ್ಯಧಾಮದಂತಹ ಕೆಲವು ತುಂಡುಗಳು ಮಾತ್ರ ಹೊಲಗಳ ನಡುವೆ ದ್ವೀಪಗಳಂತೆ ಉಳಿದವು. ಈ ದ್ವೀಪಗಳನ್ನು ಜೋಡಿಸುವ ಉದ್ದೇಶದಿಂದ 1979ರಲ್ಲಿ ಸರಕಾರವು ಮತ್ತೊಂದು ವನ್ಯಧಾಮವನ್ನು ಆರಂಭಿಸಿ, ನದಿಯುದ್ದಕ್ಕೂ ಜಮೀನುಗಳನ್ನು ಒಂದೊಂದಾಗಿ ಕೊಂಡು ಕಾಡು ಬೆಳೆಸುವ ನಿಧಾನದ ಕಾರ್ಯಕ್ಕೆ ಕೈಹಾಕಿತು.

ರೈತರ ಪಾಡೂ ಸುಖವಾಗಿರಲಿಲ್ಲ. 1983ರ ಹಾಗೂ 1989ರ ಡಿಸೆಂಬರ್ ತಿಂಗಳುಗಳಲ್ಲಿ ಬಿದ್ದ ಕಡು ಹಿಮವು ಕಿತ್ತಳೆ ಜಾತಿಯ ತೋಟಗಳನ್ನು ಸುಟ್ಟು ಹಾಕಿತು. ಬೇರೆ ಆದಾಯದ ದಾರಿ ಹುಡುಕಬೇಕಾದ ಕಾಲ ಅದು. ಚಳಿಯಿಂದ ತಪ್ಪಿಸಿಕೊಳ್ಳಲು ಉತ್ತರದ ರಾಜ್ಯಗಳಿಂದ ಬರುತ್ತಿದ್ದ ನಿವೃತ್ತರ ಜೊತೆಯಲ್ಲಿ, ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ಮತ್ತೊಂದು ಬಗೆಯ ಅತಿಥಿಗಳೂ ಬಂದುಹೋಗುತ್ತಿದ್ದರು. ಊರವರು ‘ಬರಿಯ ಪೊದೆ’ ಎಂದು ತಾತ್ಸಾರ ಮಾಡಿದ ಜಾಗದಲ್ಲಿ ಈ ಅತಿಥಿಗಳು ಗಂಟೆಗಟ್ಟಲೆ ಮೌನವಾಗಿ ನಿಲ್ಲುತ್ತಿದ್ದರು.

ಇವರ ನಡುವೆ ಒಬ್ಬ ಕಥೋಲಿಕ ಗುರುಗಳೂ ಇದ್ದರು ಎಂಬುದು ನಮ್ಮ ಓದುಗರಿಗೆ ವಿಶೇಷ ಸಂತಸದ ಸಂಗತಿ. ವಂದನೀಯ ಟಾಮ್ ಪಿನ್ಸೆಲ್ಲಿಯವರು ಆ ಹಬ್ಬದ ಸ್ಥಾಪಕರಲ್ಲೊಬ್ಬರು. ಧರ್ಮಕೇಂದ್ರದ ಸೇವೆಯ ಜೊತೆಯಲ್ಲಿಯೇ ಬರಹಗಳಿಂದಲೂ ಮಾತುಗಳಿಂದಲೂ ಕಣಿವೆಯ ಹಕ್ಕಿಗಳನ್ನು ಕಣಿವೆಯ ಜನರಿಗೇ ಪರಿಚಯಿಸಿದ ಅವರನ್ನು ಜನರು ಪ್ರೀತಿಯಿಂದ ‘ಫಾದರ್ ಬರ್ಡ್’ ಎಂದು ಕರೆದರು. ಜಗದ್ಗುರು ಪೋಪ್ ಫ್ರಾನ್ಸಿಸರು ಸೃಷ್ಟಿಯ ಪಾಲನೆಯನ್ನು ಕುರಿತ ‘ಲೌದಾತೊ ಸಿ’ ವಿಶ್ವಪರಿಪತ್ರವನ್ನು ಹೊರಡಿಸಿದ್ದು 2015ರಲ್ಲಿ. ಅದಕ್ಕೂ ಎರಡು ದಶಕಗಳ ಮೊದಲೇ ಒಬ್ಬ ಗುರು ಈ ಕಾರ್ಯಕ್ಕೆ ತೊಡಗಿದ್ದರು.

ಹಬ್ಬದ ಕ್ರಮ ಸರಳವಾಗಿತ್ತು. ನಸುಕಿನಲ್ಲೇ ಬಸ್ಸುಗಳು ಬೇರೆ ಬೇರೆ ದಿಕ್ಕುಗಳಿಗೆ ಹೊರಡುವುದು, ನುರಿತ ಮಾರ್ಗದರ್ಶಕರು ಹಕ್ಕಿಗಳನ್ನು ತೋರಿಸುವುದು, ಪಟ್ಟಣಕ್ಕೆ ಮರಳಿದ ಮೇಲೆ ಸಭಾಂಗಣದಲ್ಲಿ ಉಪನ್ಯಾಸ. ಟೆಕ್ಸಾಸಿನಲ್ಲಿ ಭೂಮಿಯ ಬಹುಪಾಲು ಖಾಸಗಿಯವರದು. ಹೀಗಾಗಿ ದೊಡ್ಡ ದನಗಾವಲುಗಳ ಒಡೆಯರು ಗೇಟು ತೆರೆದಾಗ ಮಾತ್ರ ಕೆಲವು ಅಪರೂಪದ ಪಕ್ಷಿಗಳ ದರ್ಶನ ಸಾಧ್ಯ. ಹಬ್ಬವು ಅಂತಹ ಗೇಟುಗಳನ್ನೂ ತೆರೆಸಿತು. ಹೆಸರಾಂತ ಕಿಂಗ್ ರಾಂಚ್ ಕೂಡ ಪುಟ್ಟ ಗೂಬೆಯೊಂದನ್ನು ನೋಡಬಯಸುವವರ ಯಾತ್ರಾಸ್ಥಳವಾಯಿತು.

ಹಬ್ಬದಿಂದ ಹೋಟೆಲುಗಳ ಕೋಣೆಗಳು ತುಂಬಿದ್ದು ನಿಜ. ಆದರೆ ಅದರ ಹಿರಿಯ ಫಲ ಬೇರೆ. ದೂರದೂರಿನವರು ಹಣ ತೆತ್ತು ನೋಡಲು ಬರುವುದು ತಮ್ಮ ಹಿತ್ತಲ ಪೊದೆಯನ್ನು ಎಂದು ತಿಳಿದಾಗ ಊರವರು ಆ ಪೊದೆಯನ್ನು ಬೇರೆ ಕಣ್ಣಿನಿಂದ ನೋಡಿದರು. ಮುಂದೆ ಕಣಿವೆಯ ಒಂಬತ್ತು ಊರುಗಳಲ್ಲಿ ‘ವರ್ಲ್ಡ್ ಬರ್ಡಿಂಗ್ ಸೆಂಟರ್’ ತಾಣಗಳು ತಲೆಯೆತ್ತಿದವು. ವೆಸ್ಲಾಕೊ ಬಳಿ ಒಂದೊಮ್ಮೆ ಬೆಳೆ ಬೆಳೆಯುತ್ತಿದ್ದ ಹೊಲವು ಜೌಗಾಗಿ ಮಾರ್ಪಟ್ಟು, 2006ರಲ್ಲಿ ಉದ್ಯಾನವಾಗಿ ತೆರೆಯಿತು. ಕಾಡು ಹೊಲವಾದ ನಾಡಿನಲ್ಲಿ ಹೊಲವೊಂದು ಮತ್ತೆ ಹಕ್ಕಿಗಳ ಪಾಲಾಯಿತು.

ಈ ಹೊಸ ಕಣ್ಣಿನ ಬೆಲೆ ಸಂಕಟಕಾಲದಲ್ಲಿ ತಿಳಿಯಿತು. ನದಿಯ ದಡದಲ್ಲಿ ಲಾ ಲೊಮಿಟಾ ಎಂಬ ಪುಟ್ಟ ಪ್ರಾರ್ಥನಾಲಯವಿದೆ. ಕುದುರೆಯೇರಿ ಹಳ್ಳಿಯಿಂದ ಹಳ್ಳಿಗೆ ಸಂಚರಿಸಿ, ‘ಕ್ರಿಸ್ತರ ಅಶ್ವದಳ’ ಎಂದು ಹೆಸರಾಗಿದ್ದ ಒಬ್ಲೇಟ್ ಸಭೆಯ ಗುರುಗಳ ತಂಗುದಾಣವಾಗಿದ್ದ ಸ್ಥಳವದು. ಈಗಿನ ಕಟ್ಟಡ 1899ರದು. ಪಕ್ಕದ ‘ಮಿಷನ್’ ಪಟ್ಟಣಕ್ಕೆ ಹೆಸರು ಬಂದಿದ್ದೂ ಇದರಿಂದಲೇ. ಗಡಿಗೋಡೆಯ ಯೋಜನೆ ಬಂದಾಗ ಸಾಂಟಾ ಆನಾ ವನವೂ ಈ ಪ್ರಾರ್ಥನಾಲಯವೂ ಒಂದೇ ಅಪಾಯಕ್ಕೆ ಸಿಲುಕಿದವು. ಬ್ರೌನ್ಸ್‌ವಿಲ್ ಧರ್ಮಾಧ್ಯಕ್ಷ ಡೇನಿಯಲ್ ಫ್ಲೋರೆಸ್‌ರವರು ಭೂಮಿಯ ಸಮೀಕ್ಷೆಗೆ ಒಪ್ಪಿಗೆ ನೀಡಲಿಲ್ಲ. ನ್ಯಾಯಾಲಯವು 2019ರ ಫೆಬ್ರವರಿಯಲ್ಲಿ ಸಮೀಕ್ಷೆಗೆ ಅವಕಾಶ ಕೊಡಬೇಕೆಂದು ಆದೇಶಿಸಿತು. ಅತ್ತ ಪಕ್ಷಿಪ್ರೇಮಿಗಳೂ ಬೀದಿಗಿಳಿದಿದ್ದರು. 2018ರಲ್ಲಿ ಅಮೆರಿಕದ ಸಂಸತ್ತು ಸಾಂಟಾ ಆನಾ ವನಕ್ಕೆ ವಿನಾಯಿತಿ ಕೊಟ್ಟಿತು. 2019ರ ಫೆಬ್ರವರಿಯ ಆಯವ್ಯಯ ಕಾಯಿದೆಯಲ್ಲಿ ಲಾ ಲೊಮಿಟಾ ಮತ್ತು ಬೆಂಟ್ಸನ್ ಉದ್ಯಾನದ ಹೆಸರುಗಳೂ ಅದರೊಡನೆ ಸೇರಿದವು. ಪ್ರಾರ್ಥನೆಯ ಮನೆ ಮತ್ತು ಹಕ್ಕಿಯ ಮನೆ ಕಾಯಿದೆಯ ಒಂದೇ ಪಟ್ಟಿಯಲ್ಲಿ ನಿಂತವು.

ಕಾಯಿದೆಯ ರಕ್ಷಣೆ ಶಾಶ್ವತವಲ್ಲ. ಸರಕಾರಗಳು ಬದಲಾದಂತೆ ಗೋಡೆಯ ಮಾತು ಮತ್ತೆ ಮತ್ತೆ ಏಳುತ್ತದೆ. ಉಳಿಯುವುದು ಜನರ ಅಕ್ಕರೆಯೊಂದೇ. ಹೆಸರು ಗೊತ್ತಿಲ್ಲದ ಹಕ್ಕಿಗಾಗಿ ಯಾರೂ ಧ್ವನಿಯೆತ್ತುವುದಿಲ್ಲ. ಕಣಿವೆಯ ಹಬ್ಬವು ತನ್ನ ಆರಂಭದ ದಿನಗಳಲ್ಲಿ ಮಾಡಿದ ಕೆಲಸ ಅದೇ: ಜನರಿಗೆ ನೆರೆಹೊರೆಯ ಜೀವಿಗಳ ಹೆಸರು ಕಲಿಸಿತು.

ನಮ್ಮ ಅನೇಕ ದೇವಾಲಯಗಳ ಆವರಣಗಳಲ್ಲೂ ಸ್ಮಶಾನಗಳ ಅಂಚಿನಲ್ಲೂ ಹಳೆಯ ಮಾವು, ಆಲ, ಹಲಸಿನ ಮರಗಳಿವೆ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಮಕ್ಕಳನ್ನು ಹತ್ತು ನಿಮಿಷ ಅವುಗಳ ಕೆಳಗೆ ನಿಲ್ಲಿಸಿ, ಮೇಲೆ ಕೂಗುತ್ತಿರುವವರು ಯಾರೆಂದು ಕೇಳಿದರೆ ಸಾಕು. ಉತ್ತರ ಹಿರಿಯರಿಗೂ ತಿಳಿಯದಿದ್ದರೆ ಇಬ್ಬರೂ ಕೂಡಿ ಕಲಿಯಬಹುದು.