ಉತಾರದಲ್ಲಿ ಉಳಿದ ಕಾಡು, ನಕಾಶೆಯಲ್ಲಿ ಉಳಿದ ದಾರಿ

ಬಂಕಾಪುರದ ಕೋಟೆಯೊಳಗೆ ನವಿಲು ನೋಡಬೇಕೆಂದರೆ ಬಿಸಿಲೇರುವ ಮುಂಚೆ ಹೋಗಬೇಕು. ಹೊತ್ತು ಏರಿತೆಂದರೆ ಅವು ಕಂದಕದ ಜಾಲಿ, ಬೇವಿನ ನೆರಳಿಗೆ ಸರಿದುಬಿಡುತ್ತವೆ. ಆಮೇಲೆ ಕೇಕೆ ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಮಿರಗದ ಮಳೆ ಹನಿದು ನೆಲ ಹಸಿಯಾಗಿದ್ದ ದಿನಗಳವು. ಹುಲ್ಲಿನ ಅಂಚಿನಲ್ಲಿ ಒಂದು ಗಂಡು ಗರಿಗೆದರಿ ಸುತ್ತು ಹಾಕುತ್ತಿತ್ತು. ಎದುರಿಗಿದ್ದ ಹೆಣ್ಣುಗಳು ತಲೆ ಎತ್ತದೆ ಹುಳ ಹೆಕ್ಕುತ್ತಿದ್ದವು. ಆಚೆಗೆ ಖಿಲಾರಿ ಹಸುಗಳು, ಅವುಗಳ ಪಾಡಿಗೆ ಅವು.

ನೋಡಲು ಕಾಡು, ದಾಖಲೆಯಲ್ಲಿ ಕಾಡಲ್ಲ. ಬ್ರಿಟಿಷರು 1919ರಲ್ಲಿ ಆರಂಭಿಸಿದ ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರದ ನೆಲ ಇದು. ದನಕ್ಕೆ ಮೇವು ಬೇಕು, ಮೇವಿಗೆ ಬಯಲು ಬೇಕು. ಹಾಗೆಂದು ಬಿಟ್ಟ ಬಯಲಿನಲ್ಲಿ ಯಾರೂ ಮನೆ ಕಟ್ಟಲಿಲ್ಲ, ಯಾರೂ ಬಂದೂಕು ಹಿಡಿದು ಬರಲಿಲ್ಲ, ಸುತ್ತಲಿನ ಕಂದಕದಲ್ಲಿ ಮುಳ್ಳುಕಂಟಿ ದಟ್ಟವಾಗಿ ಬೆಳೆಯಿತು. ನವಿಲಿಗೆ ಬೇಕಾದದ್ದು ಅಷ್ಟೇ: ಬೆಳಗ್ಗೆ ಮೇಯಲು ಬಯಲು, ಮಧ್ಯಾಹ್ನಕ್ಕೆ ಪೊದೆ, ರಾತ್ರಿ ಕೂರಲು ಎತ್ತರದ ಮರ. 2006ರಲ್ಲಿ ಸರ್ಕಾರ ಇಲ್ಲಿನ 139 ಎಕರೆಯನ್ನು ನವಿಲು ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ ಹುಟ್ಟಿದ ಹೊಸ ವರ್ಗವದು. ಅಭಯಾರಣ್ಯದಷ್ಟು ಬಿಗಿಯಲ್ಲ, ಜನರನ್ನು ಕೇಳಿಕೊಂಡು, ನೆಲದ ಹಳೆಯ ಬಳಕೆಯನ್ನು ಬಿಡಿಸದೆ ಕಾಯುವ ಏರ್ಪಾಟು. ಸರ್ಕಾರಿ ನೆಲಕ್ಕೆ ಸಂರಕ್ಷಣಾ ಮೀಸಲು, ಜನರದೇ ನೆಲವಾದರೆ ಸಮುದಾಯ ಮೀಸಲು. ಎರಡನೆಯದಕ್ಕೆ ನಮ್ಮ ರಾಜ್ಯದ ಉದಾಹರಣೆ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು, 2007ರದ್ದು.

ದನಕ್ಕೆಂದು ಬಿಟ್ಟ ನೆಲ ಕಾಡುಪ್ರಾಣಿಯನ್ನು ಕಾಯುವುದು ಬಂಕಾಪುರದ ಹೊಸ ಸಂಗತಿಯೇನಲ್ಲ. ಕಡೂರಿನ ಬಾಸೂರು ಅಮೃತಮಹಲ್ ಕಾವಲು ಕೃಷ್ಣಮೃಗಗಳನ್ನು ಉಳಿಸಿದ್ದೂ ಹೀಗೆಯೇ. 2011ರಲ್ಲಿ ಅದಕ್ಕೂ ಮೀಸಲಿನ ಪಟ್ಟ ಸಿಕ್ಕಿತು. ಅದೇ ಹೊತ್ತಿಗೆ ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಒಂದೇ ಹೆಸರಿನ ನೆಲ, ಒಂದೇ ಸರ್ಕಾರ, ಎರಡು ಹಣೆಬರಹ. ಯಾವುದು ಎಲ್ಲಿಗೆ ಸೇರಬೇಕೆಂದು ನಿರ್ಧರಿಸುವ ಕಾಗದದ ಮೇಲೆ ಊರವರ ಸಹಿಗೆ ಜಾಗವಿರಲಿಲ್ಲ ಎಂಬುದನ್ನು ಇಲ್ಲಿ ಗುರುತು ಹಾಕಿಕೊಳ್ಳಿ. ಮುಂದೆ ಹಾನಗಲ್ಲಿನ ಕಡೆಯ ಕುಸನೂರಿಗೆ ಹೋದಾಗ ಬೇಕಾಗುತ್ತದೆ.

ಬಂಕಾಪುರದ ಈ ದನದ ಫಾರಂ ಒಳಗೇ ನಾಗರೇಶ್ವರ ಗುಡಿ ಇದೆ. ಜನ ಅದನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಚೆಲ್ಲಕೇತನ ವಂಶದ ಲೋಕಾದಿತ್ಯ ಇಲ್ಲಿಂದ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರರ ಉತ್ತರಪುರಾಣ ಮುಗಿಯಿತು. ರನ್ನನ ಗುರು ಅಜಿತಸೇನಾಚಾರ್ಯರ ಊರೂ ಇದೇ. ಕಂಬಗಳ ನುಣುಪಿನಲ್ಲಿ ಮುಖ ಕಾಣುವ ಹಾಗಿದೆ, ನೆಲದ ಮೇಲೆ ನವಿಲಿನ ಹಿಕ್ಕೆ. ಗುಡಿ ನೋಡಲು ಬಂದವರು ನವಿಲು ನೋಡುತ್ತಾರೆ, ನವಿಲು ನೋಡಲು ಬಂದವರು ಗುಡಿ ನೋಡದೆ ಹೋಗುತ್ತಾರೆ.

ನವಿಲಿಗೆ ಮಾತ್ರ 139 ಎಕರೆಯ ಲೆಕ್ಕ ಗೊತ್ತಿಲ್ಲ. ಬೆಳಕು ಹರಿಯುತ್ತಲೇ ಅವು ಕಂದಕ ದಾಟಿ ಸುತ್ತಲಿನ ಹೊಲಕ್ಕೆ ಇಳಿಯುತ್ತವೆ. ಬಿತ್ತನೆಯ ಕಾಲ ಬೇರೆ. ಕೂರಿಗೆ ಹೋದ ಸಾಲನ್ನೇ ಹಿಡಿದು ಗೋವಿನಜೋಳದ ಕಾಳು ಹೆಕ್ಕುತ್ತ ಹೋಗುತ್ತವೆ. “ನವಿಲು ಸರಕಾರದ್ದು ಅಂತಾರ್ರೀ, ಉಣ್ಣೂದು ಮಾತ್ರ ನಮ್ಮ ಮನ್ಯಾಗ” ಎಂದರು ಬದುವಿನ ಮೇಲೆ ನಿಂತಿದ್ದ ಒಬ್ಬರು. ಸಿಟ್ಟಿರಲಿಲ್ಲ ಮಾತಿನಲ್ಲಿ, ಲೆಕ್ಕ ಇತ್ತು. ಬೇಲಿ ಹಾಕಿ ಕಾದ ಜಾಗಕ್ಕಿಂತ ಬೇಲಿಯಾಚೆಯ ಬದು, ಹಳ್ಳ, ಬಂಡಿದಾರಿಯ ಕಂಟಿ ಈ ಹಕ್ಕಿಗೆ ಹೆಚ್ಚು ಬೇಕು. ಆ ಬದು, ಕಂಟಿ ಉಳಿದರೆ ಕಾಳಿನ ಮೇಲಿನ ಒತ್ತಡವೂ ಕಡಿಮೆ: ಹುಳು, ಇರುವೆ, ಹುಲ್ಲಿನ ಬೀಜ, ಓತಿಕ್ಯಾತ ಸಿಗುವುದು ಅಲ್ಲಿಯೇ.

ಸವಣೂರಿನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ವೀಳ್ಯದೆಲೆ ತೋಟ ದಾಟಿ, ಖಾರದ ಪೊಟ್ಟಣ ಕೊಂಡು, ದೊಡ್ಡಹುಣಸೆ ಕಲ್ಮಠದ ಅಂಗಳಕ್ಕೆ ಹೋದೆ. ಆಫ್ರಿಕಾ ಮೂಲದ ಮೂರು ದೈತ್ಯ ಮರಗಳು, ಜನರ ಬಾಯಲ್ಲಿ ದೊಡ್ಡ ಹುಣಸೆ. ಶ್ರೀಕೃಷ್ಣ ತಂದು ನೆಟ್ಟನೆಂಬ ಕಥೆಯೂ ಇದೆ. ರಾಜ್ಯದ ಜೀವವೈವಿಧ್ಯ ಮಂಡಳಿ ಇವನ್ನು ಪಾರಂಪರಿಕ ಮರಗಳ ಪಟ್ಟಿಯಲ್ಲಿ ಸೇರಿಸಿದೆ; ಆದರೆ ಪಟ್ಟಿಗಿಂತ ಶತಮಾನಗಳ ಮುಂಚಿನಿಂದ ಇವನ್ನು ಕಾದದ್ದು ಮಠದ ಅಂಗಳ. 2023ರ ಜುಲೈ ಮಳೆಗೆ ಒಂದು ಮರ ಬುಡಮೇಲಾಯಿತು. ಕಡಿದು ಒಯ್ಯುವ ಬದಲು ಅದನ್ನು ಎತ್ತಿ ಅಲ್ಲಿಯೇ ಮತ್ತೆ ನಿಲ್ಲಿಸಿದರು. ಬಿದ್ದ ಮರಕ್ಕೆ ಊರು ಇಷ್ಟು ತಲೆ ಕೆಡಿಸಿಕೊಳ್ಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸವಣೂರಿನಿಂದ ಪಡುವಣಕ್ಕೆ, ಬಂಕಾಪುರ ದಾಟಿ ಹಾನಗಲ್ಲಿನ ಕಡೆ ಹೊರಟರೆ ನೆಲದ ಬಣ್ಣ ಬದಲಾಗುತ್ತದೆ. ಎರೆ ಮುಗಿದು ಮಸಾರಿ, ಹತ್ತಿ ಹೋಗಿ ಭತ್ತ, ಮಾವಿನ ತೋಪು, ಊರಿಗೊಂದು ಕೆರೆ. ಬಯಲುಸೀಮೆ ಮಲೆನಾಡಿಗೆ ಕೈ ಕೊಡುವ ಜಾಗ. ಹಾನಗಲ್ಲಿನ ತಾರಕೇಶ್ವರ ಗುಡಿಯ ಬಗ್ಗೆ ಬರೆದವರು ಬಹಳ ಮಂದಿ. ನಾನು ಕುಸನೂರಿಗೆ ಹೋಗುವವನು.

ಕುಸನೂರಿನ ಹೆಸರು ಪರಿಸರ ಚರಿತ್ರೆಯ ಪುಸ್ತಕಗಳಲ್ಲಿದೆ, ಪ್ರವಾಸಿ ಕೈಪಿಡಿಯಲ್ಲಿಲ್ಲ. 1984ರಲ್ಲಿ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿತು. 51 ಪಾಲು ಸರ್ಕಾರದ್ದು, 49 ಕಾರ್ಖಾನೆಯದು. ರೇಯಾನ್ ನೂಲಿನ ತಿರುಳಿಗೆ ನೀಲಗಿರಿ ಬೇಕಿತ್ತು. ಅದಕ್ಕೆಂದು ಸುಮಾರು 30,000 ಹೆಕ್ಟೇರ್ ನೆಲವನ್ನು ಗುರುತಿಸಿದರು. ಕಡತದಲ್ಲಿ ಅದು ‘ಸಿ’ ಮತ್ತು ‘ಡಿ’ ದರ್ಜೆಯ ಪಾಳು ಭೂಮಿ. ಊರವರಿಗೆ ಅದು ಗಾಯರಾಣ: ದನ ಮೇಯುವ, ಉರುವಲು ಆಯುವ, ಹೊಲಕ್ಕೆ ಸೊಪ್ಪು ತರುವ, ನೇಗಿಲಿಗೆ ಮರ ಸಿಗುವ ನೆಲ. ಹೊಲವಿಲ್ಲದವನ ಎಮ್ಮೆ ಬದುಕುತ್ತಿದ್ದದ್ದೇ ಅದರಿಂದ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಈ ನೆಲವನ್ನು ಕಂಪನಿಗೆ ಗುತ್ತಿಗೆ ಕೊಡುವುದರ ವಿರುದ್ಧ ನಿಂತಿತು. ಎಸ್.ಆರ್. ಹಿರೇಮಠರ ಈ ಸಂಘಟನೆ ಅದೇ ಕಾರ್ಖಾನೆ ತುಂಗಭದ್ರೆಗೆ ಬಿಡುತ್ತಿದ್ದ ಕೊಳೆನೀರಿನ ವಿರುದ್ಧವೂ ಹೋರಾಡುತ್ತಿತ್ತು. 1986ರ ಕೊನೆಗೆ ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಊರವರನ್ನು ಒಂದು ಮಾತೂ ಕೇಳದೆ ಅವರ ಬದುಕಿನ ನೆಲವನ್ನು ಕೊಟ್ಟಿರಿ ಎಂಬುದು ವಾದ. 1987ರ ಮಾರ್ಚ್‌ನಲ್ಲಿ ಯಥಾಸ್ಥಿತಿ ಕಾಯಲು ಆದೇಶ ಬಂತು. ಆದರೂ ನೆಲದ ಮೇಲೆ ಕೆಲಸ ನಿಲ್ಲಲಿಲ್ಲ.

ಹಾಗಾಗಿ 1987ರ ನವೆಂಬರ್ 14ರಂದು ಸುಮಾರು 2,000 ಜನ ಕುಸನೂರಿನಲ್ಲಿ ನೆರೆದರು. ಡೊಳ್ಳು, ಘೋಷಣೆ, ಮುಂದೆ ಹೆಣ್ಣುಮಕ್ಕಳು. ಹಿಂಸೆ ಮಾಡುವುದಿಲ್ಲವೆಂದು ಮೊದಲೇ ಪ್ರತಿಜ್ಞೆ ತೆಗೆದುಕೊಂಡಿದ್ದರು. ‘ಕಿತ್ತಿಕೋ-ಹಚ್ಚಿಕೋ’ ಎಂದು ಆ ಸತ್ಯಾಗ್ರಹದ ಹೆಸರು. ಸುಮಾರು ನೂರು ನೀಲಗಿರಿ ಸಸಿ ಕಿತ್ತು, ಅದೇ ನೆಲದಲ್ಲಿ ಹಣ್ಣು ಮತ್ತು ಮೇವು ಕೊಡುವ ಗಿಡ ಹಚ್ಚಿದರು. ಮನೆಗೆ ಹೋಗುವ ಮುಂಚೆ, ಹಚ್ಚಿದ್ದಕ್ಕೆ ನೀರು ಹಾಕುತ್ತೇವೆಂದು ಮತ್ತೊಂದು ಪ್ರತಿಜ್ಞೆ. ನನಗೆ ಈ ಎರಡನೆಯ ಪ್ರತಿಜ್ಞೆಯೇ ದೊಡ್ಡದಾಗಿ ಕಾಣುತ್ತದೆ. ಕೀಳುವುದಕ್ಕೆ ಒಂದು ದಿನ ಸಾಕು, ಫೋಟೋ ಕೂಡ ಅದಕ್ಕೇ ಬರುತ್ತದೆ. ಬೇಸಿಗೆಯಲ್ಲಿ ಕೊಡ ಹೊತ್ತು ಹೋಗುವವರ ಫೋಟೋ ಯಾರೂ ತೆಗೆಯುವುದಿಲ್ಲ. 1991ರ ಅಕ್ಟೋಬರ್‌ನಲ್ಲಿ ಕಂಪನಿ ಬಾಗಿಲು ಹಾಕಲು ನಿರ್ಧರಿಸಿತು.

ಇಂದು ಹಾನಗಲ್ಲ ತಾಲ್ಲೂಕಿನ ಮಸಾರಿಯಲ್ಲಿ ನಡೆದರೆ ನೀಲಗಿರಿಯೂ ಸಿಗುತ್ತದೆ, ಮಾವೂ ಸಿಗುತ್ತದೆ. ಗೆದ್ದ ಚಳವಳಿಯ ನೆಲವೆಲ್ಲ ನಂದನವನವಾಯಿತೆಂದು ನಾನು ಹೇಳುವುದಿಲ್ಲ. ಕಂಪನಿ ಹೋದ ಮೇಲೆ ಗಾಯರಾಣವನ್ನು ತಿಂದದ್ದು ಊರಿನೊಳಗಿನದೇ ಒತ್ತುವರಿ, ಸರ್ಕಾರದ್ದೇ ಹಂಚಿಕೆ. ರಾಜ್ಯದ ಭೂಕಂದಾಯ ನಿಯಮ ಪ್ರತಿ 100 ದನಗಳಿಗೆ 12 ಹೆಕ್ಟೇರ್ ಉಚಿತ ಗಾಯರಾಣ ಬಿಡಬೇಕೆನ್ನುತ್ತದೆ. ದನ ಕಡಿಮೆಯಾದಾಗ ಆ ನೆಲವನ್ನು ‘ಹೆಚ್ಚುವರಿ’ ಎಂದು ತೋರಿಸುವುದು ಸುಲಭವಾಯಿತು. ದನದ ಜೊತೆ ಅಲ್ಲಿ ಮೇಯುತ್ತಿದ್ದ ಮೊಲ, ಗೂಡು ಕಟ್ಟುತ್ತಿದ್ದ ಗೌಜಲಹಕ್ಕಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇಂಥ ನೆಲ ಕಾಯಲು ಬೇರೆ ದಾರಿಯೂ ಇದೆ: ಅಮೆರಿಕ, ಇಂಗ್ಲೆಂಡಿನಲ್ಲಿ ಜನ ಚಂದಾ ಎತ್ತಿ ನೆಲ ಕೊಂಡು, ಟ್ರಸ್ಟಿನ ಹೆಸರಿಗೆ ಮಾಡಿ, ಕಾಡು ಮತ್ತು ಕಾಲುದಾರಿಗಳನ್ನು ಕಾಯುತ್ತಾರೆ. ಮ್ಯಾಸಚೂಸೆಟ್ಸ್‌ನಲ್ಲಿ ಇಂಥ ಮೊದಲ ಸಂಸ್ಥೆ ಹುಟ್ಟಿದ್ದು 1891ರಲ್ಲಿ. ಅಲ್ಲಿನ ಸಮುದಾಯ ಭೂ ಟ್ರಸ್ಟ್‌ಗಳ ಮೊದಲನೆಯದು 1969ರಲ್ಲಿ ಜಾರ್ಜಿಯಾದಲ್ಲಿ ಕಪ್ಪು ರೈತರು ಕಟ್ಟಿದ ನ್ಯೂ ಕಮ್ಯುನಿಟೀಸ್. ಅದನ್ನು ರೂಪಿಸಿದವರ ಕಣ್ಣ ಮುಂದೆ ವಿನೋಬಾ ಭಾವೆಯವರ ಗ್ರಾಮದಾನ ಇತ್ತು. ನಮ್ಮಿಂದ ಹೋದದ್ದು ಅಲ್ಲಿ ನೋಂದಣಿಯಾಯಿತು, ಇಲ್ಲಿ ಮರೆತುಹೋಯಿತು.

ಹಾಗೆಂದು ಇಲ್ಲಿ ಯಾರೂ ನೆಲ ಕೊಳ್ಳಬೇಕಿಲ್ಲ. ಯಾವ ಊರಿನ ಉತಾರ, ಅಂದರೆ ಪಹಣಿ, ತೆಗೆದರೂ ಖರಾಬಿನ ಅಂಕಣವಿದೆ. ‘ಎ’ ಖರಾಬು ಎಂದರೆ ಕಲ್ಲು, ಗುಂಡಿ, ಸಾಗುವಳಿಗೆ ಬಾರದ್ದು. ‘ಬಿ’ ಖರಾಬು ಎಂದರೆ ಹಳ್ಳ, ಕೆರೆ, ದಾರಿ, ಅಂದರೆ ಸಾರ್ವಜನಿಕರದ್ದು. ಹೊಲದ ನಡುವೆ ಇದ್ದರೂ ಹೊಲದವನದಲ್ಲ. ಊರ ನಕಾಶೆಯಲ್ಲಿ ಕಾಲುದಾರಿಗೆ ಒಂಟಿ ಚುಕ್ಕೆಗೆರೆ, ಬಂಡಿದಾರಿಗೆ ಜೋಡಿ ಚುಕ್ಕೆಗೆರೆ. ನಾಲ್ಕು ತಾಲ್ಲೂಕಿನ ನಕಾಶೆಗಳನ್ನು ಪಕ್ಕಪಕ್ಕ ಹಾಸಿದರೆ ಈ ಚುಕ್ಕೆಗಳು ಕೆರೆಯಿಂದ ಗಾಯರಾಣಕ್ಕೆ, ಗಾಯರಾಣದಿಂದ ಗುಡ್ಡಕ್ಕೆ, ಜಾತ್ರೆಯ ಊರಿಂದ ಸಂತೆಯ ಊರಿಗೆ ಹರಿಯುತ್ತವೆ. ನೆಲದ ಮೇಲೆ ಹುಡುಕಿದರೆ ಟ್ರ್ಯಾಕ್ಟರ್‌ ನೇಗಿಲು ವರ್ಷಕ್ಕೊಂದು ಸಾಲು ಒಳಗೆ ಬಂದು, ಬಂಡಿದಾರಿ ಕಾಲುದಾರಿಯಾಗಿ, ಕಾಲುದಾರಿ ಬದುವಾಗಿ, ಬದುವೂ ಕರಗಿದೆ. ಇರುವ ದಾರಿ ಅಗಲ ಮಾಡುವ ಯೋಜನೆ ಬಂದರೂ ಜೆಸಿಬಿ ಮೊದಲು ಬಳಿಯುವುದು ಎರಡೂ ಮಗ್ಗುಲಿನ ಕಂಟಿಯನ್ನೇ. ನವಿಲಿಗೆ ಬೇಕಾಗಿದ್ದುದು ದಾರಿಯಲ್ಲ, ಆ ಕಂಟಿ.

ದಾರಿಯೂ ಉಳಿದು ಕಾಡೂ ಉಳಿದ ಜಾಗ ಸಿಕ್ಕಿದ್ದು ಹಳೆಯ ಹಿರೇಕೆರೂರು ತಾಲ್ಲೂಕಿನಲ್ಲಿ, ಮಾಸೂರಿನ ಬಳಿ. ಶಿಕಾರಿಪುರದ ಕಡೆಯಿಂದ ಬರುವ ಕುಮುದ್ವತಿಗೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಮದಗದ ಕೆರೆ, ವಿಜಯನಗರದ ಕಾಲದ್ದು. ಮಳೆಗಾಲದಲ್ಲಿ ಬಂಡೆಗಳ ಮೇಲೆ ಧುಮುಕುವ ನೀರು ನೋಡಲು ಹುಡುಗರ ದಂಡೇ ಬರುತ್ತದೆ. ಪ್ಲಾಸ್ಟಿಕ್ಕೂ ಅವರ ಜೊತೆಗೇ. ನಾನು ಏರಿಯ ಮೇಲೆ ನಡೆದೆ. ನೀರು ತಡೆಯಲೆಂದು ಕಟ್ಟಿದ ಏರಿ ಎರಡು ಗುಡ್ಡಗಳ ಕಾಡನ್ನು ಜೋಡಿಸುವ ಹಾದಿಯೂ ಆಗಿದೆ. ಕುರಿಗಾರರು ಅದನ್ನೇ ಹಿಡಿಯುತ್ತಾರೆ. ನೀರು ಒಂದು ಇಲಾಖೆಯದು, ಗುಡ್ಡ ಇನ್ನೊಂದರದು, ಕೆಳಗಿನ ಗದ್ದೆ ರೈತರದು. ಯಾರೂ ಏರಿಯನ್ನು ಉಳಲಾರರು, ಉತ್ತರೆ ಕೆಳಗಿನ ಗದ್ದೆಯೇ ಕೊಚ್ಚಿ ಹೋಗುತ್ತದೆ. ಹಾಗಾಗಿ ದಾರಿ ಇದೆ.

ಪ್ರತಿ ಗ್ರಾಮ ಪಂಚಾಯಿತಿಯಲ್ಲೂ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಒಂದು ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಮರ, ಹಕ್ಕಿಗಳ ದಾಖಲಾತಿ ಪುಸ್ತಕ ಇಡಬೇಕು. ಆ ಪುಸ್ತಕಕ್ಕೆ ಊರ ನಕಾಶೆಯನ್ನೂ ಹೊಲಿದು, ಯಾವ ಚುಕ್ಕೆಗೆರೆ ನೆಲದ ಮೇಲೆ ಇನ್ನೂ ಇದೆ, ಯಾವುದು ಯಾವ ಸರ್ವೆ ನಂಬರಿನಲ್ಲಿ ಮುಳುಗಿದೆ ಎಂದು ಬರೆಯಲು ಯಾವ ಕಾನೂನೂ ಅಡ್ಡಿ ಬರುವುದಿಲ್ಲ. ಒಂದು ಬೇಸಿಗೆ ರಜೆಯಲ್ಲಿ ಹೈಸ್ಕೂಲಿನ ಮಕ್ಕಳೂ ಮಾಡಬಹುದಾದ ಕೆಲಸ. ಆಮೇಲೆ ಗ್ರಾಮಸಭೆ ಕೂಡಿಸಿ ಭೂಮಾಪಕರನ್ನು ಕರೆಸುವುದು ಬೇರೆಯೇ ಜಗಳ. ಅದನ್ನು ಆಡಿ ಗೊತ್ತಿರುವ ಊರುಗಳು ಈ ಸೀಮೆಯಲ್ಲೇ ಇವೆ.