ದೇಹದೊಳಗಿನ ಪ್ಲಾಸ್ಟಿಕ್ ಕಣ ಮತ್ತು ಕ್ಯಾನ್ಸರ್

ಪ್ರಶ್ನೆ: ಮೈಕ್ರೋಪ್ಲಾಸ್ಟಿಕ್‌ನಿಂದ ಕ್ಯಾನ್ಸರ್ ಬರುತ್ತದೆಯೇ?

ಉತ್ತರ: ಹಾಗೆಂದು ಇನ್ನೂ ಸಾಬೀತಾಗಿಲ್ಲ. 5 ಮಿ.ಮೀ.ಗಿಂತ ಚಿಕ್ಕ ಪ್ಲಾಸ್ಟಿಕ್ ಚೂರುಗಳಿಗೆಲ್ಲ ಈ ಹೆಸರು ಸಲ್ಲುತ್ತದೆಯಾದರೂ, 2022ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 22 ದಾನಿಗಳ ಪೈಕಿ 17 ಮಂದಿಯ ರಕ್ತದಲ್ಲಿ ಗುರುತಿಸಿದ್ದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದವನ್ನು. ಇಂಥ ಕಣಗಳನ್ನು ರೋಗನಿರೋಧಕ ಕೋಶಗಳು ನುಂಗಿದರೂ ಕರಗಿಸಲಾರದೆ ಹೋದಾಗ, ಅಂಗಾಂಶವು ಕೆರಳಿ ಊದಿಕೊಳ್ಳುವ ಉರಿಯೂತವು ದೀರ್ಘಕಾಲ ಉಳಿದು, ಆ ವೇಳೆ ಹುಟ್ಟುವ ಅತಿ ಚುರುಕಿನ ಆಮ್ಲಜನಕದ ಅಣುಗಳು ಡಿಎನ್‌ಎಯನ್ನು ಘಾಸಿಗೊಳಿಸಬಹುದೆಂಬುದು ಶಂಕೆಯ ತಿರುಳು. ಕ್ಯಾನ್ಸರ್ ತರುವ ಕಲ್ನಾರಿನ (ಆಸ್‌ಬೆಸ್ಟಸ್) ಎಳೆಗಳು ಶ್ವಾಸಕೋಶದಲ್ಲಿ ಹಿಡಿಯುವ ಹಾದಿಯೂ ಹೆಚ್ಚುಕಡಿಮೆ ಇದೇ ಆಗಿರುವುದರಿಂದ ಆ ಶಂಕೆ ನಿರಾಧಾರವೇನಲ್ಲ. ಆದರೆ ಈ ಚಿತ್ರ ಬಹುಮಟ್ಟಿಗೆ ಪ್ರಯೋಗಾಲಯದ ಕೋಶಗಳಿಂದಲೂ ಇಲಿಗಳಿಂದಲೂ ಬಂದದ್ದು. ಮನುಷ್ಯನ ಗಡ್ಡೆಯಲ್ಲಿ ಕಣ ಸಿಕ್ಕಿದರೆ ಆ ಕಣವೇ ಗಡ್ಡೆಯನ್ನು ಬೆಳೆಸಿತೆನ್ನಲಾಗದು, ಗಡ್ಡೆಯ ಸೋರುವ ರಕ್ತನಾಳಗಳೇ ಅದನ್ನು ಒಳಬಿಟ್ಟುಕೊಂಡಿರಲೂಬಹುದು.