ಲಾಕರಿನಲ್ಲಿ ಕಪ್ಪಾಗುವ ಅಜ್ಜಿಯ ಲೋಟ

ಮೊನ್ನೆ ಉಡುಪಿ ಪೇಟೆಯ ಬೆಳ್ಳಿ ಅಂಗಡಿಯೊಂದರಲ್ಲಿ ಕಂಡದ್ದು. ಕಾಪು ಕಡೆಯಿಂದ ಬಂದ ಯುವಕರೊಬ್ಬರು ಕೈಚೀಲದಿಂದ ಹಳೇ ಲೋಟ, ಬಟ್ಟಲು, ಎರಡು ಚಮಚ ತೆಗೆದು ತಕ್ಕಡಿಯ ಪಕ್ಕ ಇಟ್ಟರು. ಎಲ್ಲವೂ ಮಸಿಯಷ್ಟು ಕಪ್ಪು. ಅಂಗಡಿಯವರು ಲೋಟವನ್ನು ಬಟ್ಟೆಯಲ್ಲಿ ಉಜ್ಜಿದರು. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಂಗಸಿನ ಹೆಸರು ಕಂಡಿತು.

"ಇದು ಯಾರದ್ದು ಮಾರಾಯ್ರೆ?"

"ಅಜ್ಜಿಯದ್ದು. ಲಾಕರಿನಲ್ಲಿ ಇತ್ತು. ಈಗ ರೇಟು ಉಂಟಲ್ಲ, ಕೊಡುವಾ ಅಂತ."

"ಕೊಟ್ಟರೆ ಕರಗಿಸುದೇ. ಹೆಸರಿಗೆ ರೇಟಿಲ್ಲ."

ಯುವಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊನೆಗೆ ಚಮಚ ಮಾತ್ರ ಕೊಟ್ಟು, ಲೋಟ, ಬಟ್ಟಲು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ನಡೆದರು.

ಅವರನ್ನು ದೂರುವಂತಿಲ್ಲ. 2025ರಲ್ಲಿ ಬೆಳ್ಳಿ ಕಿಲೋಗೆ 1 ಲಕ್ಷ ರೂಪಾಯಿ ದಾಟಿದ ಮೇಲೆ ಯಾರ ಮನಸ್ಸಾದರೂ ಅಲ್ಲಾಡೀತು. ಆದರೆ ಮಾರುವ ಮೊದಲು ಒಂದು ಪ್ರಶ್ನೆ: ಅದನ್ನು ಎಂದಾದರೂ ಬಳಸಿದ್ದೇವಾ?

ರಜತಪೀಠದ ಊರು

ಉಡುಪಿಯ ಹಳೆಯ ಹೆಸರೇ ರಜತಪೀಠಪುರ, ಬೆಳ್ಳಿ ಪೀಠದ ಊರು. ಕೃಷ್ಣ ಮಠದಲ್ಲಿ ಬೆಳ್ಳಿ ತೇರು ಎಳೆಯುತ್ತಾರೆ. ಕೋಲದ ದಿನ ದೈವದ ಭಂಡಾರ ಹೊರಬಂದು ಬೆಳಗುತ್ತದೆ. ಕಾರ್ಕಳದ ಬಸದಿಗಳಲ್ಲಿ ಕಲಶ ದಿನವೂ ನೀರು ಕಾಣುತ್ತದೆ. ದೇವರ ಸೊತ್ತು ಬಳಕೆಯಲ್ಲಿದೆ, ಮನೆಯ ಬೆಳ್ಳಿ ಮಾತ್ರ ಕತ್ತಲೆಯಲ್ಲಿ!

ಬ್ಯಾಂಕುಗಳಿಗೂ ಇದು ತವರು. ಮುಂದೆ ಕಾರ್ಪೊರೇಶನ್ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಎಂದು ಹೆಸರಾದವು ಹುಟ್ಟಿದ್ದು ಇಲ್ಲೇ, 1906 ಮತ್ತು 1925ರಲ್ಲಿ. 2020ರಲ್ಲಿ ಎರಡೂ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಲಾಕರಿನೊಳಗಿನ ಲೋಟ ಮಾತ್ರ ಹಾಗೇ ಉಳಿಯಿತು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲು ಹೊರಟ ಹಳೇ ಮನೆಗಳನ್ನೇ ತಂದು ಮತ್ತೆ ಕಟ್ಟಿಸಿ ಪರಂಪರೆಯ ಗ್ರಾಮ ಮಾಡಿದರು. ಅಷ್ಟು ಮಾಡುವ ಶಕ್ತಿ ನಮಗಿಲ್ಲ. ಒಂದು ಲೋಟ ಉಳಿಸಬಹುದಲ್ಲ?

ಕಪ್ಪಾಗುವುದೇಕೆ?

ಬೆಳ್ಳಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಮೇಲೆ ಕಪ್ಪು ಪದರ ಕಟ್ಟುತ್ತದೆ, ಅಷ್ಟೇ. ನಮ್ಮ ಕರಾವಳಿಯ ತೇವ ಅದಕ್ಕೆ ಕೈಜೋಡಿಸುತ್ತದೆ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟರಂತೂ ಕೇಳುವುದೇ ಬೇಡ, ರಬ್ಬರಿನಲ್ಲೂ ಗಂಧಕ ಇದೆ. ದಿನವೂ ಬಳಸಿ, ತೊಳೆದು, ಒರೆಸುವ ಲೋಟಕ್ಕೆ ಕಪ್ಪು ಕೂರಲು ಪುರುಸೊತ್ತೇ ಸಿಗುವುದಿಲ್ಲ.

ತೊಳೆಯಲು ಸಾಬೂನು ನೀರು, ಮೆತ್ತಗಿನ ಬಟ್ಟೆ ಸಾಕು. ಹಿರಿಯರ ವಿಭೂತಿಯೂ ಒಳ್ಳೆಯದೇ. ಸ್ಟೀಲ್ ನಾರು ಮುಟ್ಟಿಸಬೇಡಿ, ಕೊರೆದ ಹೆಸರೇ ಅಳಿದೀತು. ಗಟ್ಟಿ ಕಪ್ಪಿಗೆ ಒಂದು ಉಪಾಯ: ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರಿಗೆ ಅಡುಗೆ ಸೋಡ ಹಾಕಿ, ಬೆಳ್ಳಿಯನ್ನು ಹಾಳೆಗೆ ತಾಗುವಂತೆ ಕೆಲವು ನಿಮಿಷ ಮುಳುಗಿಸಿಡಿ. ಕಪ್ಪು ಬಿಡುತ್ತದೆ, ಬೆಳ್ಳಿ ಸವೆಯುವುದಿಲ್ಲ. ಕಲ್ಲು ಕೂರಿಸಿದ, ಅರಗು ತುಂಬಿದ ಸಾಮಾನಿಗೆ ಇದು ಬೇಡ.

ಯಾವುದಕ್ಕೆ ಬಳಸುವುದು?

ಕುಡಿಯುವ ನೀರು, ಉಗುರುಬೆಚ್ಚಗಿನ ಹಾಲು, ಪಾಯಸ, ಮಗುವಿನ ಗಂಜಿ. ಉಪ್ಪು, ಉಪ್ಪಿನಕಾಯಿ, ಮೊಟ್ಟೆ, ಹುಳಿ ಪದಾರ್ಥ ಬೇಡ. ಕುದಿಯುವ ಕಾಫಿಯೂ ಬೇಡ. ಲೋಹಗಳಲ್ಲೆಲ್ಲ ಶಾಖವನ್ನು ಬೇಗ ಹಾಯಿಸುವುದು ಬೆಳ್ಳಿ, ತುಟಿ ಸುಟ್ಟೀತು ಜಾಗ್ರತೆ!

ಮಾರಲೇಬೇಕಾದ ಕಷ್ಟ ಬಂದರೆ ಮಾರಿ, ಅದಕ್ಕಾಗಿಯೇ ಅಜ್ಜಿ ಕೂಡಿಟ್ಟದ್ದು. ಆದರೆ ಮೊದಲು ಶುದ್ಧತೆ ಪರೀಕ್ಷೆ ಮಾಡಿಸಿ. 925 ಎಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ. ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿಯೇ ಇಲ್ಲ, ಇರುವುದು ತಾಮ್ರ, ಸತು, ನಿಕ್ಕಲ್. ಹಿಂದೆ ಕೊಟ್ಟ ಮಜೂರಿ ವಾಪಸು ಬರುವುದಿಲ್ಲ. ಅಂಥದ್ದೇ ಲೋಟ ಮತ್ತೆ ಮಾಡಿಸಲು ಹೊರಟರೆ ಹೊಸ ಮಜೂರಿ ಬೇರೆ.

ಕಷ್ಟ ಇಲ್ಲದಿದ್ದರೆ ಈ ವಾರ ಲಾಕರಿಗೆ ಹೋದಾಗ ಒಂದೇ ಒಂದು ಲೋಟ ಮನೆಗೆ ತನ್ನಿ. ಅದರಲ್ಲಿ ನೀರು ಕುಡಿಯುವ ಮಗು ನಾಳೆ ಕೇಳೀತು: "ಅಮ್ಮಾ, ಇದರಲ್ಲಿ ಬರೆದದ್ದು ಯಾರ ಹೆಸರು?"

ಹೇಳಲಿಕ್ಕೆ ನಾವು ಇದ್ದೇವಲ್ಲ, ಈಗಲೇ ಹೇಳುವಾ.